ತೋಳಕ್ಕೊಂದು ರಿವಾಲ್ವರ್

ಹೆಂಡತಿ ಅಶ್ವಿತಾಳ ರಕ್ಷಣೆಗೆ ರಿವಾಲ್ವರ್ ಕೊಂಡೇ ತೀರುವೆನೆಂದು ಐಂಡ್‌ಹೋವನ್ನಿನ ನಮ್ಮ ಫ್ಲಾಟಿನ ಅಡುಗೆಮನೆಯಲ್ಲಿ ನಿಂತು ಘೋಷಿಸಿಬಿಟ್ಟೆ! ಅದೂ ಸಾಮಾನ್ಯದ್ದಲ್ಲ. ಒಂದೇ ಗುಂಡಿಗೆ ಕರಡಿ ಅಂಗಾತ ಬೀಳಬೇಕು, ಅಂಥದ್ದು. ನೆದರ್‌ಲ್ಯಾಂಡ್ಸಿನ ಕಾಡುಗಳಲ್ಲಿ ಕರಡಿಯೇ ಇಲ್ಲವೆಂಬುದು ಬೇರೆ ಮಾತು.

ಆ ವರ್ಷ, 2019ರಲ್ಲಿ, ಅಶ್ವಿತಾಳ ಅಮ್ಮ ಮೂಡುಬಿದಿರೆಯಲ್ಲಿ ತೀರಿಕೊಂಡಿದ್ದರು. ನಾವು ವಿಮಾನ ಹಿಡಿದು ತಲುಪುವಷ್ಟರಲ್ಲಿ ಬೂದಿಯೂ ತಣ್ಣಗಾಗಿತ್ತು. ಮರಳಿ ಬಂದ ಮೇಲೆ ಅಶ್ವಿತಾ ಅಳಲೂ ಇಲ್ಲ, ನಗಲೂ ಇಲ್ಲ. ಕೆಲಸಕ್ಕೆ ಹೋಗುತ್ತಿದ್ದಳು, ಬಂದು ಕಿಟಕಿಯಾಚೆಯ ಮಬ್ಬು ಆಕಾಶ ನೋಡುತ್ತ ಕೂರುತ್ತಿದ್ದಳು. ನಮ್ಮ ಡಾಕ್ಟರಮ್ಮ “ಕಾಡಿನಲ್ಲಿ ನಡೆಯಿರಿ” ಎಂದರು. ಇಲ್ಲಿನ ಡಾಕ್ಟರುಗಳ ಬಳಿ ಇರುವುದು ಎರಡೇ ಮದ್ದು: ಪ್ಯಾರಾಸಿಟಮಾಲ್ ಮತ್ತು ನಡಿಗೆ!

ವೇಲುವೆ ಕಾಡಿಗೆ ಹೋಗೋಣವೆಂದು ಅಶ್ವಿತಾಳೇ ಹೇಳಿದಳು. ಅಮ್ಮ ಹೋದ ಮೇಲೆ ಅವಳು ಬಾಯಿಬಿಟ್ಟು ಬೇಕೆಂದದ್ದು ಅದೊಂದನ್ನೇ. ಅದೇ ವಾರ ಸುದ್ದಿ ಓದಿದೆ: ಆ ಕಾಡಿಗೆ ತೋಳಗಳು ಮರಳಿ ಬಂದಿವೆ!

ಸರಿ, ಆಫೀಸಿನಲ್ಲಿ ಕಂಪ್ಯೂಟರ್ ಚಿಪ್ ನೋಡಬೇಕಾದ ಕಣ್ಣುಗಳು ಅಮೆರಿಕದ ವಿಡಿಯೋಗಳಲ್ಲಿ ನಳಿಕೆಯ ಉದ್ದ ಅಳೆಯತೊಡಗಿದವು. ಕೊನೆಗೆ ಮ್ಯಾಗ್ನಮ್ ರಿವಾಲ್ವರ್ ಆರಿಸಿದೆ.

“ಮ್ಯಾಗ್ನಮ್ ಅಂದ್ರೆ ಐಸ್‌ಕ್ರೀಮ್ ಅಲ್ವಾ?” ಎಂದಳು ಅಶ್ವಿತಾ, ಕಿಟಕಿಯಿಂದ ಮುಖ ತಿರುಗಿಸದೆ.

ಅದು ಹಾರಿಸಿದಾಗ ಹಿಂದಕ್ಕೆ ಒದೆಯುತ್ತದಂತೆ, ಮಣಿಕಟ್ಟು ಉಕ್ಕಿನಂತಿರಬೇಕಂತೆ. ನೀರು ತುಂಬಿದ ಪ್ರೆಶರ್ ಕುಕ್ಕರನ್ನು ಒಂಟಿ ಕೈಯಲ್ಲಿ ಮುಂದೆ ಚಾಚಿ ಹಿಡಿದು, ಫ್ರಿಜ್ಜಿಗೆ ಗುರಿಯಿಟ್ಟು ಸಾಧನೆ ಆರಂಭಿಸಿದೆ. ಮಣಿಕಟ್ಟು ಉಕ್ಕಾಗಲಿಲ್ಲ. ಕುಕ್ಕರ್ ಕಾಲಿನ ಹೆಬ್ಬೆರಳಿನ ಮೇಲೆ ಬಿತ್ತು!

ಕಾಲಿನ ಕಟ್ಟು ನೋಡಲು ಬಂದ ಸಹೋದ್ಯೋಗಿ ಹರಿಪ್ರಸಾದ, ಮೈಸೂರಿನವನು, ನನ್ನ ಯೋಜನೆ ಕೇಳಿ ಕಾಫಿ ಕೆಳಗಿಟ್ಟ.

“ಗುರು, ನಿಂಗೆ ಗುಂಡು ಹೊಡೆದು ಅಭ್ಯಾಸ ಇದ್ಯಾ?”

“ಇದೆಯಲ್ಲ, ನಿನ್ನ ಮನೆಯಲ್ಲಿ, ಶನಿವಾರ ಶನಿವಾರ.”

“ತಮಾಷೆ ಅಲ್ಲ ಕಣೋ. ಇಲ್ಲಿ ಶೂಟಿಂಗ್ ಕ್ಲಬ್ ಸೇರಿ, ವರ್ಷಗಟ್ಟಲೆ ಕಾದು, ಪೊಲೀಸರು ಒಪ್ಪಿದ್ರೆ ಉಂಟು, ಇಲ್ಲಾಂದ್ರೆ ಇಲ್ಲ. ಒಪ್ಪಿದ್ರೂ ಕ್ಲಬ್ಬಿಗೆ ಮಾತ್ರ ತಗೊಂಡು ಹೋಗ್ಬೇಕು. ಕಾಡಿಗೆ ಒಯ್ದರೆ ತೋಳಕ್ಕಿಂತ ಮುಂಚೆ ಪೊಲೀಸರೇ ನಿನ್ನ ಹಿಡೀತಾರೆ!”

ಹೀಗಾಗಿ ಮಹಾಶೂರನಾದ ನಾನು ಭಾನುವಾರ ಕೈಯಲ್ಲೊಂದು ಛತ್ರಿ ಹಿಡಿದು, ಕುಂಟುತ್ತ ವೇಲುವೆ ಪ್ರವೇಶಿಸಿದೆ. ಎಲೆ ಉದುರಿದ ಮರಗಳು, ಒದ್ದೆ ಮಂಜು. ಅಶ್ವಿತಾ ಮುಂದೆ ನಡೆಯುತ್ತಿದ್ದಳು. ತಿರುವಿನಲ್ಲಿ ಏನೋ ಉಸಿರು ಬಿಟ್ಟಿತು. ಮಂಜಿನೊಳಗಿಂದ ಕೆಂಚು ರೋಮದ ಬೆಟ್ಟವೊಂದು ಎದ್ದು ಬಂತು! ಕಣ್ಣೇ ಕಾಣದ ಮುಖ, ಮಾರುದ್ದದ ಕೊಂಬು! ನಾನು ಕುಂಟುವುದನ್ನೂ ಮರೆತು ಅಶ್ವಿತಾಳ ಬೆನ್ನ ಹಿಂದೆ ಅವಿತೆ.

“ಓಡು! ಎಂತದೋ ಮೃಗ!”

“ಅದು ದನ ಮಾರಾಯ್ರೆ.”

“ಕೊಂಬು ನೋಡು!”

“ದನಕ್ಕೆ ಕೊಂಬಲ್ಲದೆ ಮತ್ತೆಂತ, ಸೊಂಡಿಲು ಇರ್ತದಾ?”

ಕಾಡಿನಲ್ಲಿ ಮೇಯಲು ಬಿಟ್ಟ ಸ್ಕಾಟ್ಲೆಂಡಿನ ಹಸು ಅದು. ದಾರಿಗಡ್ಡ ನಿಂತು ಮೆಲುಕು ಹಾಕುತ್ತಿತ್ತು. ಅಶ್ವಿತಾ ಅಲ್ಲಿಂದಲೇ ಮೆಲ್ಲನೆ ತುಳುವಿನಲ್ಲಿ, “ಪೋಲ ಅಪ್ಪೆ, ಸಾದಿ ಬುಡ್ಲ” ಎಂದಳು. ಹೋಗಮ್ಮ, ದಾರಿ ಬಿಡು. ಅಪ್ಪೆ ಎಂದರೆ ಅಮ್ಮ. ಮೂಡುಬಿದಿರೆಯ ಹಟ್ಟಿಯಲ್ಲಿ ಅತ್ತೆಯವರು ದನಗಳಿಗೆ ಹೇಳುತ್ತಿದ್ದ ಮಾತು ಅದು. ಹಸು ತಲೆಯಾಡಿಸಿ, ನಿಧಾನಕ್ಕೆ ಪಕ್ಕಕ್ಕೆ ಸರಿದು ಹೋಯಿತು.

“ಅಪ್ಪೆ” ಎಂದು ಅವಳು ಇನ್ನೊಮ್ಮೆ ಅಂದಳು. ಆಗ ಅಲ್ಲಿ ಯಾವ ಹಸುವೂ ಇರಲಿಲ್ಲ. ಅಷ್ಟು ದಿನ ಬಾರದ ಅಳು ಒಮ್ಮೆಲೇ ಬಂತು. ಒದ್ದೆ ಎಲೆಗಳ ಮೇಲೆ ಕುಳಿತು ಅತ್ತಳು. ನಾನು ಛತ್ರಿ ಬಿಚ್ಚಿ ಅವಳ ಮೇಲೆ ಹಿಡಿದೆ. ಮಳೆ ಇರಲಿಲ್ಲ.

ಬಹಳ ಹೊತ್ತಿನ ಮೇಲೆ ಅವಳು ಮೂಗೊರೆಸಿಕೊಂಡು ನನ್ನತ್ತ ನೋಡಿದಳು.

“ನಿಮ್ಮ ಕೈಯಲ್ಲಿ ಆ ರಿವಾಲ್ವರ್ ಇದ್ದಿದ್ದರೆ ಹೊಡೀತಿದ್ರಾ?”

“ಹೊಡೀತಿದ್ದೆನೋ ಏನೋ,” ಎಂದೆ ತಲೆ ತಗ್ಗಿಸಿ.

“ಪುಣ್ಯಕ್ಕೆ ಸಿಗಲಿಲ್ಲ. ಗುಂಡು ನನಗೇ ತಾಗ್ತಿತ್ತು. ನೀವು ಇದ್ದದ್ದು ನನ್ನ ಹಿಂದೆ ಅಲ್ವಾ!”