ನೆರಳಿನ ತುದಿಗೊಬ್ಬ ಫೀಲ್ಡರ್

ಕ್ರಿಕೆಟ್ ಆಡಲು ಬಾರದವರು ಇರಬಹುದು; ಕ್ರಿಕೆಟ್ ಹೇಳಿಕೊಡಲು ಬಾರದವರು ನಮ್ಮ ಬಂಕಾಪುರದಲ್ಲಿ ಯಾರೂ ಇಲ್ಲ. ಅದರಲ್ಲೂ ನಾನು! ನನ್ನದೊಂದು ಪುಸ್ತಕ-ಪೆನ್ನಿನ ಅಂಗಡಿ. ಮಧ್ಯಾಹ್ನ ಗಿರಾಕಿ ಇರುವುದಿಲ್ಲ. ಫ್ಯಾನು ತಿರುಗುತ್ತಿರುತ್ತದೆ, ಕೋಟೆಯ ಕಡೆಯಿಂದ ನವಿಲು ಕೂಗುತ್ತದೆ, ನಾನು ಗಲ್ಲಾದ ಮೇಲೆ ಮೊಣಕೈ ಊರಿ ಅರೆಗಣ್ಣಿನಲ್ಲಿ ದೇಶದ ತಂಡಕ್ಕೆ ಫೀಲ್ಡಿಂಗ್ ಹಚ್ಚುತ್ತಿರುತ್ತೇನೆ. ಆ ಹೊತ್ತಿನಲ್ಲಿ ದೇಶ ಒಂದೂ ಪಂದ್ಯ ಸೋತಿಲ್ಲ.

ಹೀಗೆ ದೇಶ ಗೆಲ್ಲುತ್ತಿದ್ದಾಗ ಪಕ್ಕದ ಮನೆಯ ಸಮೀನಾ ಬಂದಳು. ಕಾಲೇಜು ಓದುವ ಹುಡುಗಿ, ನಮ್ಮೂರ ಹುಡುಗಿಯರ ತಂಡದ ಹೊಸ ಕ್ಯಾಪ್ಟನ್. ಮುಖ ಸಣ್ಣದಾಗಿತ್ತು.

"ಕಾಕಾ, ನಂಗ ಫೀಲ್ಡಿಂಗ್ ಹಚ್ಚಾಕ ಬರವಲ್ದು. ಮೊನ್ನೆ ಶಿಗ್ಗಾವ್ಯಾಗ ಎಲ್ಲಾರೂ ಒಂದ ಕಡೆ ನಿಂತಿದ್ರು, ಬಾಲ್ ಇನ್ನೊಂದ ಕಡೆ ಹೋತು. ರವಿವಾರ ಹಾನಗಲ್ಲಿನವ್ರ ಕೂಡ ಮ್ಯಾಚ್ ಐತಿ. ಅದನ್ನೂ ಸೋತ್ರ ಕ್ಯಾಪ್ಟನ್‌ಗಿರಿ ಕಸಗೊಳ್ತಾರ."

ಹುಡುಗಿಯ ಕಣ್ಣಲ್ಲಿ ನೀರಿತ್ತು. "ನೋಡವಾ, ನಾ ಅದೇನಿ. ಚಿಂತಿ ಬಿಡು" ಎಂದೆ. ಚಿಂತೆ ಶುರುವಾದದ್ದೇ ಅಲ್ಲಿಂದ.

ಪಾಠ ನಮ್ಮ ಮನೆಯಲ್ಲೇ ನಡೆಯಿತು. ಜೋಳದ ರೊಟ್ಟಿ ಮೈದಾನ, ಸೌತೆಕಾಯಿ ತುಂಡು ಪಿಚ್, ಶೇಂಗಾ ಕಾಳುಗಳೇ ಫೀಲ್ಡರುಗಳು. ಮಾತಿನ ಭರದಲ್ಲಿ ಕೈ ತಾನಾಗಿಯೇ ಬಾಯಿಗೆ ಹೋಗುತ್ತಿತ್ತು. ನನ್ನ ಹೆಂಡತಿ ಗಿರಿಜಾ ಇಣುಕಿ ನೋಡಿ, "ರೀ, ಮ್ಯಾಚ್ ಚಾಲೂ ಆಗೂದ್ರಾಗ ಅರ್ಧಾ ಟೀಮ್ ನುಂಗೀರಲ್ರಿ!" ಎಂದಳು. ಸಮೀನಾ ಗಂಭೀರವಾಗಿ ಉಳಿದ ಕಾಳುಗಳನ್ನು ನೋಡುತ್ತಿದ್ದಳು.

ಪಾಯಿಂಟು, ಕವರು, ಗಲ್ಲಿ ಎಂಬ ಹೆಸರುಗಳು ಹುಡುಗಿಯರಿಗೆ ಗೊಂದಲವೆಂದು ಸಂಜೆ ಮೈದಾನದಲ್ಲಿ ನಾನು ಸ್ವಂತ ಪದ್ಧತಿಯೊಂದನ್ನು ಲೋಕಾರ್ಪಣೆ ಮಾಡಿದೆ. ಮೈದಾನದ ಪಡುವಣ ಅಂಚಿಗೆ ಒಂದು ಹುಣಸೆಮರ, ಒಂದು ಬೇವಿನ ಮರ, ಒಂದು ನೀರಿನ ಟಾಕಿ. ಇಳಿಬಿಸಿಲಿಗೆ ಅವುಗಳ ನೆರಳು ಉದ್ದಕ್ಕೆ ಮೈದಾನದೊಳಗೆ ಚಾಚಿಕೊಂಡಿತ್ತು. "ಏನೂ ನೆನಪ ಇಡೂದು ಬ್ಯಾಡ. ನಿಮ್ಮ ನಿಮ್ಮ ನೆರಳಿನ ತುದಿ ಹುಡುಕಿ ನಿಂದರ್ರಿ, ಸಾಕು!" ಹುಣಸೆ ನೆರಳಿಗೆ ಭಾರತಿ, ಬೇವಿಗೆ ಶಾಹೀನ್, ಟಾಕಿಗೆ ರೇಣುಕಾ. ಎಷ್ಟು ಚೆಂದ ಕಂಡಿತೆಂದರೆ, ಬಂಗಾರದ ಬಿಸಿಲಲ್ಲಿ ನಿಂತ ಆ ಹುಡುಗಿಯರನ್ನು ನೋಡುತ್ತ ನಾನು ಮೈಮರೆತೆ. ವಾರವಿಡೀ ಸಂಜೆ ಅದೇ ಅಭ್ಯಾಸ. ಒಂದು ಚೆಂಡೂ ತಪ್ಪಲಿಲ್ಲ.

ಪಂದ್ಯ ಇದ್ದದ್ದು ಬೆಳಿಗ್ಗೆ!

ಸೂರ್ಯ ನನ್ನನ್ನು ಒಂದು ಮಾತು ಕೇಳದೆ ಮೂಡಣದಲ್ಲಿ ಹುಟ್ಟಿದ್ದ. ನಮ್ಮವರ ಬ್ಯಾಟಿಂಗ್ ಮುಗಿದು ಫೀಲ್ಡಿಂಗಿನ ಸರದಿ ಬಂದಾಗ ಸಮೀನಾ ಕೈಯೆತ್ತಿ, "ಎಲ್ಲಾರೂ ನೆರಳಿಗೆ!" ಎಂದಳು. ಮೂವರೂ ಮೈದಾನವೆಲ್ಲ ಹುಡುಕಿದರು. ಭಾರತಿ, ಶಾಹೀನ್ ಗೆರೆ ದಾಟಿ ಆಚೆ ಹೋಗಿ ನಿಂತರು. ರೇಣುಕಾ ಇನ್ನೂ ಮುಂದೆ ನಡೆದು ಪಕ್ಕದ ಗೋವಿನಜೋಳದ ಹೊಲ ಹೊಕ್ಕಳು. ಸ್ವಲ್ಪ ಹೊತ್ತಿಗೆ ಬೆಳೆಯೊಳಗಿಂದ ದನಿ ಬಂತು: "ಕಾಕಾ, ಟಾಕಿ ನೆರಳ ಸಿಕ್ತರೀ!"

ಹಾನಗಲ್ಲಿನ ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಆ ಕಡೆ ಖಾಲಿ ಬಿದ್ದ ಮೈದಾನದಲ್ಲಿ ಮನಸೋ ಇಚ್ಛೆ ಬಾರಿಸತೊಡಗಿದರು. ಸಮೀನಾ ನನ್ನತ್ತ ಓಡಿ ಬಂದಳು.

"ಕಾಕಾ, ಈಗ ಏನ್ ಮಾಡ್ಲಿ?"

"ಸ್ವಲ್ಪ ತಡಿಯವಾ" ಎಂದೆ. "ಸಂಜೀ ಅನ್ನೂದ್ರಾಗ ಎಲ್ಲಾ ಸರಿ ಆಗ್ತೈತಿ!"

ಅವಳು ನನ್ನನ್ನೇ ನೋಡಿದಳು. ಕಣ್ಣೊರೆಸಿಕೊಂಡಳು. ತಿರುಗಿ ಬ್ಯಾಟು ಹಿಡಿದವಳ ಕಾಲನ್ನೂ ಕೈಯನ್ನೂ ದಿಟ್ಟಿಸಿದಳು. "ರೇಣುಕಾ, ಹೊರಗ ಬಾ! ಆಕಿ ಎಲ್ಲಾ ಬಾಲ್ ಈ ಕಡೆನ ಎಳ್ಯಾಕತ್ತಾಳ, ಇಲ್ಲಿ ನಿಂದ್ರು. ಶಾಹೀನ್, ಇನ್ನೂ ಹತ್ರ!" ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು ನಿಲ್ಲಿಸಿದಳು. ಕೊನೆಗೆ ನನ್ನ ಕಡೆ ಬೆರಳು ತೋರಿಸಿ, "ಕಾಕಾ, ನೀವು ರೇಣುಕಾನ ಜಾಗಾಕ್ಕ ಹೋಗ್ರಿ. ಸಿಕ್ಸರ್ ಬಂದ್ರ ಬಾಲ್ ಹುಡುಕಿ ಕೊಡ್ರಿ" ಎಂದಳು.

ಹೋದೆ. ಗೋವಿನಜೋಳದೊಳಗೆ ತಣ್ಣಗಿತ್ತು. ಎಲೆಗಳು ಸರಪರ ಎನ್ನುತ್ತಿದ್ದವು, ದೂರದಲ್ಲಿ ನವಿಲು ಕೂಗಿತು. ನಾನು ಬದುವಿನ ಮೇಲೆ ಕುಳಿತು ದೇಶದ ತಂಡವನ್ನು ಇನ್ನೊಮ್ಮೆ ಗೆಲ್ಲಿಸಿದೆ. ಎಚ್ಚರವಾದದ್ದು ನಮ್ಮ ಹುಡುಗಿಯರ ಕೂಗಿಗೆ. ಕಟ್ಟಕಡೆಯ ಹೊಡೆತವನ್ನು ರೇಣುಕಾ ನಿಂತಲ್ಲೇ ಹಿಡಿದಿದ್ದಳಂತೆ. ಗೆದ್ದಿದ್ದರು! ಸಮೀನಾಳ ಕ್ಯಾಪ್ಟನ್‌ಗಿರಿ ಉಳಿಯಿತು.

ಗುರುವಿನ ಗತ್ತಿನಲ್ಲಿ ಹೊಲದಿಂದ ಹೊರಬಂದೆ. ಪಂದ್ಯ ನೋಡಲು ಬಂದಿದ್ದ ಗಿರಿಜಾ ನನ್ನ ತಲೆಯಿಂದ ಜೋಳದ ಎಲೆ ತೆಗೆಯುತ್ತ, "ಬಾಲ್ ಎಲ್ಲೈತ್ರಿ?" ಎಂದಳು. ಮೂರು ಸಿಕ್ಸರು ನನ್ನ ತಲೆಯ ಮೇಲೆಯೇ ಹೋಗಿದ್ದವಂತೆ.

ನಿನ್ನೆ ಸಮೀನಾ ಅಂಗಡಿಗೆ ಬಂದಿದ್ದಳು. ಮುಂದಿನ ಪಂದ್ಯ ಹಿರೇಕೆರೂರಿನಲ್ಲಿ. "ನಾ ಎಲ್ಲಿ ನಿಂದ್ರಲಿ, ಕ್ಯಾಪ್ಟನ್?" ಎಂದು ಉತ್ಸಾಹದಿಂದ ಕೇಳಿದೆ. ಅವಳು ಒಮ್ಮೆ ಬಿಸಿಲನ್ನು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ಪಳಗಿದ ಕ್ಯಾಪ್ಟನ್ನಿನ ಹಾಗೆ ಯೋಚಿಸಿ ಹೇಳಿದಳು:

"ಕಾಕಾ, ನೀವು ಬಂಕಾಪುರದಾಗ ನಿಂದರ್ರಿ."

ನಿಂತಿದ್ದೇನೆ.