ಒಂಬತ್ತರ ಜೋಡಿ

ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ನನ್ನ ಸೋದರಮಾವನ ಕೈಗೆ ಒಂಬತ್ತರ ಜೋಡಿ ಬಂತು. ಕೆಟ್ಟದ್ದೆಲ್ಲ ಅಲ್ಲಿಂದಲೇ ಶುರು. ಗಳಿಗೆ ಇಷ್ಟು ಖಚಿತವಾಗಿ ಹೇಗೆ ಗೊತ್ತು ಅಂತೀರಾ? ಇಂಟರ್‌ಮೀಡಿಯೆಟ್ ಪಾಸಾದೆನೆಂದು ಅಪ್ಪ ಕೊಡಿಸಿದ ಹೊಸ ಕೈಗಡಿಯಾರ ಕಟ್ಟಿದ್ದೆ. ಕಾರಣವಿಲ್ಲದೆಯೂ ಅದನ್ನು ನೋಡಿಕೊಳ್ಳುತ್ತಿದ್ದೆ. ಮಾವನಿಗೆ ಎಕ್ಕದ ಜೋಡಿ ಬಂದಿದ್ದರೆ ಬೇಗ ಗೆದ್ದು ಏಳುತ್ತಿದ್ದ. ಎರಡರ ಜೋಡಿ ಬಂದಿದ್ದರೆ ಎಸೆದು ಏಳುತ್ತಿದ್ದ. ಒಂಬತ್ತು ಬಂತು. ನನ್ನ ಪ್ರಾಣಕ್ಕೇ ಬಂತು!

ಮೂರೆಲೆ ಆಟ ಗೊತ್ತಿಲ್ಲದ ಪುಣ್ಯವಂತರಿಗೆ ಎರಡು ಮಾತು. ಒಬ್ಬೊಬ್ಬರಿಗೆ ಮೂರು ಇಸ್ಪೀಟೆಲೆ. ಅದರಲ್ಲಿ ಎರಡು ಒಂದೇ ಅಂಕಿಯವಾದರೆ ಜೋಡಿ. ದೊಡ್ಡ ಜೋಡಿ ಚಿಕ್ಕ ಜೋಡಿಯನ್ನು ಹೊಡೆಯುತ್ತದೆ. ಧೈರ್ಯವಿದ್ದರೆ ಕಾಸು ಹಾಕುತ್ತ ಹೋಗಬೇಕು, ಇಲ್ಲದಿದ್ದರೆ ಎಲೆ ಕವುಚಿ ಬಿಟ್ಟುಬಿಡಬೇಕು. ಮಾವನ ಗುಂಪಿನಲ್ಲಿ ಒಂದು ಸಲಕ್ಕೆ ಅರ್ಧಾಣೆಗಿಂತ ಹೆಚ್ಚು ಹಾಕುವಂತಿರಲಿಲ್ಲ. "ಮಿತಿ ಇರೋ ಆಟ ಕಣ್ಲಾ. ಇದ್ರಾಗೆ ಮನೆ ಮಾರ್ಕೊಂಡೋರು ಯಾರೂ ಇಲ್ಲ" ಎನ್ನುತ್ತಿದ್ದ. ಮನೆ ಉಳಿಯುತ್ತದೆ, ಒಪ್ಪಿದೆ. ಮನೆಯಲ್ಲಿರಲು ಜನ ಉಳಿಯಬೇಡವೇ?

ಮಾವನಿಗೆ ಒಂದು ಸಿದ್ಧಾಂತವೂ ಇತ್ತು. "ರಾಜನ ಜೋಡಿ ಬಂದ್ರೆ ಎಂಥ ದಡ್ಡನೂ ಆಡ್ತಾನೆ. ಮೂರರ ಜೋಡಿ ಬಂದ್ರೆ ಎಂಥ ದಡ್ಡನೂ ಬುಡ್ತಾನೆ. ಏಳು, ಎಂಟು, ಒಂಬತ್ತು ಬಂದಾಗ್ಲೇ ಗಂಡಸಿನ ಪರೀಕ್ಸೆ!" ಈ ಪರೀಕ್ಷೆಯನ್ನು ಅವನು ಇಸ್ಪೀಟಿಗೆ ಮಾತ್ರ ಬಿಟ್ಟಿದ್ದರೆ ನನ್ನ ತಕರಾರಿರಲಿಲ್ಲ. ಅವನ ಇಡೀ ಬದುಕೇ ನಡುವಿನ ಜೋಡಿ. ಒಮ್ಮೆ ಮದ್ದೂರು ಸ್ಟೇಷನ್ನಿನಲ್ಲಿ ಮಂಡ್ಯದ ಕಡೆಗೆ ಹೊರಟ ರೈಲು ಕೂಗಿತು. ಒಳಗೆ ವಿಪರೀತ ಜನ. ಹತ್ತುವಂಥದ್ದೂ ಅಲ್ಲ, ಬಿಡುವಂಥದ್ದೂ ಅಲ್ಲ. ಮಾವ ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟು ನಿಂತ.

"ಹತ್ತೋದೋ ಇಳಿಯೋದೋ ಒಂದು ಹೇಳಯ್ಯಾ!" ಎಂದು ಗಾರ್ಡು ಕಿರುಚಿದ.

"ವಸಿ ತಡೀರಿ ಸ್ವಾಮಿ, ನೋಡ್ತಾ ಇವ್ನಿ."

ರೈಲು ತಡೆಯಲಿಲ್ಲ. ಎಡಗಾಲಿನ ಎಕ್ಕಡ ಮಂಡ್ಯಕ್ಕೆ ಹೋಯಿತು, ಮಾವ ಮನೆಗೆ ಬಂದ.

ಮಳವಳ್ಳಿಯ ಅತ್ತೆಯನ್ನು ಮದುವೆಯಾದದ್ದೂ ಹೀಗೆಯೇ. ಅತ್ತೆ ಹೇಳುತ್ತಿದ್ದಳು: "ನನ್ನ ನೋಡಕ್ಕೆ ಅಂತ ಬಂದು ಬಂದು ಉಪ್ಪಿಟ್ಟು ತಿಂದ್ಕೊಂಡು ಓದ್ರು ಕಣಪ್ಪ. ಕೊನೇಗೆ ನಮ್ಮಪ್ಪ, ರವೆ ಮುಗುದೋಯ್ತು ಅಂದ್ರು. ಆಗ ಒಪ್ಕೊಂಡ್ರು!"

ಇಂಥ ಮನುಷ್ಯ ಆಟಕ್ಕೆ ಆರಿಸಿದ ಜಾಗ ಯಾವುದು? ಶಿಂಷಾ ಹೊಳೆಯ ನಟ್ಟನಡುವಿನ ಮರಳದಿಬ್ಬ! ಕಾಸಿಟ್ಟು ಆಡಿದರೆ ಪೊಲೀಸರು ಹಿಡಿಯುತ್ತಿದ್ದರು. ದಿಬ್ಬದ ಮೇಲೆ ಕೂತರೆ ಯಾವ ದಡದಿಂದ ಬಂದರೂ ಕಾಣುತ್ತಿದ್ದರು. ಬೇಸಿಗೆಯಲ್ಲಿ ಎರಡು ಪಕ್ಕದಲ್ಲೂ ಪಾದ ಮುಳುಗುವಷ್ಟು ನೀರು. ಮಾವನ ಆಟದ ಜೊತೆಗಾರರು ಇಬ್ಬರು; ಹೆಂಚಿನ ಅಂಗಡಿಯವನು ಒಂದು ದಡಕ್ಕೆ, ಕುರಿ ವ್ಯಾಪಾರಿ ಇನ್ನೊಂದು ದಡಕ್ಕೆ ಮುಖ ಹಾಕಿ ಕೂರುವುದು ಕಟ್ಟಳೆ. ಮಾವ ಹೊಳೆಯ ಕೆಳಗಡೆಗೆ ತಿರುಗಿ ಕೂರುತ್ತಿದ್ದ. ಮೇಲ್ಗಡೆಗೆ ಯಾರೂ ಮುಖ ಹಾಕುತ್ತಿರಲಿಲ್ಲ. ಪೊಲೀಸರೇನು ಹೊಳೆಯ ಉದ್ದಕ್ಕೆ ನಡೆದು ಬರುತ್ತಾರೆಯೇ?

ಆಗ ನಾನು ರಜೆಗೆಂದು ಮಾವನ ಮನೆಯಲ್ಲಿದ್ದೆ. ಅಂದು ಅತ್ತೆ, "ಮುದ್ದೆ ಆರೋಯ್ತಾ ಅದೆ, ನಿಮ್ಮಾವನ್ನ ಎಳ್ಕೊಂಡು ಬಾರಪ್ಪ" ಎಂದು ನನ್ನನ್ನು ಕಳಿಸಿದಳು. ಹೌದು, ಒಂದು ಮುದ್ದೆಗಾಗಿ ನಾನು ಆ ದಿಬ್ಬಕ್ಕೆ ಹೋದೆ. ತಲೆಯ ಮೇಲೆ ಆಕಾಶ ಶುಭ್ರವಾಗಿತ್ತು.

"ಮಾವ, ಊಟಕ್ಕೇಳು."

"ಬತ್ತೀನಿ ಕಣ್ಲಾ, ಇದೊಂದ್ ಆಟ" ಎಂದು ಮಾವ ಎಲೆ ಎತ್ತಿದ. ಅವನ ಬೆನ್ನ ಹಿಂದೆ ನಿಂತಿದ್ದ ನನಗೂ ಕಂಡಿತು: ಎರಡು ಒಂಬತ್ತು, ಒಂದು ನಾಲ್ಕು.

ಹೆಂಚಿನ ಅಂಗಡಿಯವನು ತನ್ನ ಎಲೆ ಬಿಟ್ಟು, ಸೊಂಟ ನೆಟ್ಟಗೆ ಮಾಡಿಕೊಳ್ಳಲು ಎದ್ದು ತಿರುಗಿದ. ತಿರುಗಿದವನು ಕೂಗಿಕೊಂಡ. "ಅಯ್ಯಯ್ಯಪ್ಪೋ, ನೀರು ಕಣ್ರಲಾ! ಮೇಲ್ಗಡೆ ಮಳೆಯಾಗದೆ!" ಯುದ್ಧದ ಕಾಲ, ಹೊಸ ಇಸ್ಪೀಟು ಎಲ್ಲಿ ಸಿಗಬೇಕು? ಉಳಿದ ಎಲೆಗಳನ್ನು ರುಮಾಲಿಗೆ ಸುತ್ತಿಕೊಂಡೇ ಓಡಿದ.

ನಾನೂ ನೋಡಿದೆ. ಕೆಂಪು ನೀರು, ಅದರ ಮುಂದೆ ನೊರೆ, ನೊರೆಯ ಮುಂದೆ ಕಡ್ಡಿ ಕಸ ಉರುಳಿ ಬರುತ್ತಿತ್ತು. ಈಗಲೂ ಕಣ್ಣು ಮುಚ್ಚಿದರೆ ಅದೇ ಬರುತ್ತದೆ.

"ಮಾವ, ನೀರು!"

"ಬತ್ತದೆ, ಓಯ್ತದೆ. ತಕೋ, ಅರ್ಧಾಣೆ."

"ನಂದೂ ಅರ್ಧಾಣೆ" ಎಂದ ಕುರಿ ವ್ಯಾಪಾರಿ. "ಬುಡ್ತೀಯೇನಣ್ಣ?"

"ನೀನು ಬುಡ್ಲಾ."

"ನೀನ್ ಬುಡು ಮೊದ್ಲು!"

ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿದವನು ನಾನು. ಆ ಇಬ್ಬರು ಮಹಾನುಭಾವರಿಗೆ ಹೇಳಲು ಒಂದೇ ಒಂದು ವಾಕ್ಯವೂ ಹೊಳೆಯಲಿಲ್ಲ; ಅತ್ತುಬಿಟ್ಟೆ. ಬಿಟ್ಟು ಓಡಬಹುದಿತ್ತಲ್ಲ ಎನ್ನಬೇಡಿ. ಅತ್ತೆಯ ಮುಂದೆ ಒಬ್ಬನೇ ಹೋಗಿ ಏನೆಂದು ಹೇಳಲಿ? ಕಾಸು ತೇಲಿಹೋಗುವುದಿಲ್ಲ, ಮುಳುಗಿತು. ಕೂತ ಮರಳು ಕರಗಿತು. ಆಗ ಇಬ್ಬರೂ ಎದ್ದರು. ಎದ್ದರೇ ಹೊರತು ಇಬ್ಬರಲ್ಲಿ ಒಬ್ಬನೂ ಎಲೆ ಬಿಡಲಿಲ್ಲ!

ಬರುವಾಗ ಪಾದ ಮುಳುಗಿದ್ದ ಕವಲಿನಲ್ಲಿ ಈಗ ಎದೆಮಟ್ಟದ ನೀರು. ಕುರಿ ವ್ಯಾಪಾರಿ ಎಲೆಗಳನ್ನು ಮುಷ್ಟಿಯಲ್ಲಿ ಹಿಡಿದು ಮುಂದೆ ಹೋದ. ನಡುವೆ ಜಾಲಿಯ ಕೊರಡೊಂದು ಬಂದು ನನ್ನ ಪಕ್ಕೆಗೆ ಬಡಿಯಿತು. ಕಾಲು ನೆಲ ಬಿಟ್ಟಿತು. ಮೂಗು, ಬಾಯಿ, ಕಿವಿಯೆಲ್ಲ ಕೆಸರು ನೀರು. ಮುಗಿಯಿತು ಎಂದುಕೊಳ್ಳುವಾಗ ಮಣಿಕಟ್ಟಿಗೆ ಒಂದು ಕೈ ಬಿತ್ತು. ಕಣ್ಣು ಬಿಟ್ಟು ನೋಡುತ್ತೇನೆ, ಮಾವನ ಮುಖ! ಹಲ್ಲುಗಳ ನಡುವೆ ಮೂರು ಎಲೆ! ದೇವರನ್ನು ಕೂಗಲೂ ಆ ಬಾಯಿಗೆ ಪುರುಸೊತ್ತಿರಲಿಲ್ಲ. ಹಾಗೇ ನನ್ನನ್ನು ಎಳೆದು, ಬಹಳ ಕೆಳಗೆ, ದಡದ ಹೊಂಗೆಯ ಬೇರಿಗೆ ತಂದು ಹಾಕಿದ.

ನಾನು ನೀರು ಕಾರುತ್ತಿದ್ದೆ. ಮಾವ ಬಾಯಿಂದ ಎಲೆ ತೆಗೆದು, ದಡದ ಗುಂಟ ಓಡಿ ಬಂದ ಕುರಿ ವ್ಯಾಪಾರಿಯ ಮುಂದೆ ಹಿಡಿದ. "ಒಂಬತ್ತರ ಜೋಡಿ. ನಿಂದು ತೋರ್ಸ್ಲಾ."

ಅವನು ಮುಷ್ಟಿ ಬಿಚ್ಚಿದ. ಜೋಡಿಯೂ ಇಲ್ಲ, ಎಂಥದೂ ಇಲ್ಲ. "ನೀನು ಎದುರ್ಕೊಂಡು ಬುಡ್ತೀಯೇನೋ ಅಂತ ನೋಡ್ದೆ ಕಣಣ್ಣ."

ಮಾವ ನನ್ನ ಕಡೆ ತಿರುಗಿದ. ಆ ಮುಖದಲ್ಲಿ ಎಂಥ ಬೆಳಕು! "ನೋಡ್ದೇನ್ಲಾ? ಬುಟ್ಟಿದ್ರೆ ಓಗಿರೋದು!"

ಓದುಗರೇ, ಆ ಗಳಿಗೆಯಲ್ಲಿ ನನ್ನ ಕೈಗೆ ಕಲ್ಲು ಸಿಗದಿದ್ದದ್ದು ಅವನ ಪುಣ್ಯ. ಪ್ರಾಣ ಹೋಗುವುದರಲ್ಲಿದ್ದುದು ನನ್ನದು, ಗೆದ್ದವನು ಅವನು! ಗೆದ್ದವನಿಗೆ ಬುದ್ಧಿ ಹೇಳುವವರು ಯಾರು?

ಆಮೇಲೆ ನಾನು ಅವನೊಡನೆ ಮಾತು ಬಿಟ್ಟೆ. ರಾತ್ರಿ ಮಾತ್ರ ನಿದ್ದೆ ಹತ್ತುತ್ತಿರಲಿಲ್ಲ. ಕಣ್ಣು ಮುಚ್ಚಿದೊಡನೆ ನೊರೆ ಬರುತ್ತಿತ್ತು, ಬೆಚ್ಚಿ ಏಳುತ್ತಿದ್ದೆ. ಎದ್ದಾಗಲೆಲ್ಲ ಮಾವನೂ ಎದ್ದು ಕೂತಿರುತ್ತಿದ್ದ. "ನೀರು ಕುಡೀತೀಯೇನ್ಲಾ?" ಎನ್ನುತ್ತಿದ್ದ. ಕೇಳುವುದಕ್ಕೆ ಬೇರೆ ಮಾತೇ ಸಿಗಲಿಲ್ಲವೇ ಈ ಮನುಷ್ಯನಿಗೆ! ಆಟ ಹೊಳೆಯಿಂದ ಮಾವನ ಮನೆಯ ಜಗಲಿಗೆ ಬಂತು. "ಪೊಲೀಸ್ನೋರು ಇಡುದ್ರೆ ಒಣಗಿರೋ ಜಾಗದಲ್ಲಿ ಇಡೀಲಿ" ಎಂದಳು ಅತ್ತೆ. ಬಿಸಿಲಿಗೆ ಹಾಕಿ ಒಣಗಿಸಿದ ಅದೇ ಎಲೆಗಳು. ಎರಡು ಒಂಬತ್ತು, ಒಂದು ನಾಲ್ಕರ ಮೇಲೆ ಮಾವನ ಹಲ್ಲಿನ ಗುರುತು ಹಾಗೇ ಇತ್ತು. ಯಾರ ಕೈಗೆ ಅವು ಬಂದವೆಂದು ಎದುರಿನವರಿಗೆಲ್ಲ ಗೊತ್ತಾಗುತ್ತಿತ್ತು. "ಗೊತ್ತಾದ್ರೆ ಗೊತ್ತಾಗ್ಲಿ" ಎನ್ನುತ್ತಿದ್ದ ಮಾವ.

ರಜೆ ಮುಗಿಯುವ ಹೊತ್ತಿಗೆ ಒಂದು ಸೋಮವಾರ ಮಧ್ಯಾಹ್ನ, ಹೇಳದೆ ಕೇಳದೆ ಹೆಂಚಿನ ಮೇಲೆ ಮಳೆ ಸುರಿಯಿತು. ಅಂಗಳದ ಮೋರಿಯಲ್ಲಿ ಕೆಂಪು ನೀರು ನುಗ್ಗಿತು. ಜಗಲಿಯ ಕಂಬಕ್ಕೆ ಒರಗಿ ಓದುತ್ತಿದ್ದ ನನ್ನ ಕೈಯಿಂದ ಪುಸ್ತಕ ಬಿತ್ತು. ಕಂಬವನ್ನು ತಬ್ಬಿಕೊಂಡೆ.

ಜಗಲಿಯ ಆ ತುದಿಯಲ್ಲಿ ಆಟ ನಡೆದಿತ್ತು. "ಅರ್ಧಾಣೆ" ಎನ್ನುತ್ತಿದ್ದ ಕುರಿ ವ್ಯಾಪಾರಿ. "ಬುಡ್ತೀಯೇನಣ್ಣ?"

ಮಾವ ನನ್ನನ್ನು ನೋಡಿದ. ಎಲೆಗಳನ್ನು ಕವುಚಿ ಹಾಕಿದ.

"ಬುಟ್ಟೆ ಕಣ್ಲಾ."

"ಮೈಗೆ ಉಸಾರಿಲ್ವೇನಣ್ಣ?" ಎಂದು ಕುರಿ ವ್ಯಾಪಾರಿ ಗಾಬರಿಯಾದ.

ಮಾವ ಎದ್ದು ಬಂದು, ನನ್ನ ಪಕ್ಕ ಕೂತು, ಅದೇ ಮಣಿಕಟ್ಟು ಹಿಡಿದುಕೊಂಡ. "ಇದು ಮಳೆ ಕಣ್ಲಾ ಮಗ, ವೊಳೆ ಅಲ್ಲ" ಎಂದ. ಮಳೆ ನಿಂತ ಮೇಲೂ ಕೈ ಬಿಡಲಿಲ್ಲ. ಕೊನೆಗೆ ಅತ್ತೆ ಒಳಗಿನಿಂದ, "ಮುದ್ದೆ ಆರೋಯ್ತದೆ" ಎಂದಾಗ, ಒಂದೇ ಮಾತಿಗೆ ಎದ್ದು ಹೋದ.

ನಾನು ಹೋಗಿ ಮಾವ ಕವುಚಿದ್ದ ಆ ಎಲೆಗಳನ್ನು ತಿರುಗಿಸಿ ನೋಡಿದೆ. ಒಂದು ರಾಣಿ, ಇನ್ನೆರಡರ ಮೇಲೆ ಹಲ್ಲಿನ ಗುರುತು. ಎರಡೂ ಒಂಬತ್ತು.

ನನ್ನ ಸಿಟ್ಟು ಹೋಯಿತೆಂದು ತಿಳಿಯಬೇಡಿ, ಇನ್ನೂ ಇದೆ. ಆದರೆ ಆ ಸೋಮವಾರ ರಾತ್ರಿ ಮಲಗಿದ ನನ್ನನ್ನು ಮಂಗಳವಾರ, ಬಿಸಿಲು ಹೊಸ್ತಿಲು ದಾಟಿದ ಮೇಲೆ, ಅತ್ತೆಯೇ ಬಂದು ಎಬ್ಬಿಸಬೇಕಾಯಿತು. ಅಲ್ಲೇ ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದ ಮಾವನನ್ನೂ.