ವಂದನಾರ್ಪಣೆಯಲ್ಲಿ ಒಂದು ಹೆಚ್ಚಿನ ಹೆಸರು

ವೇದಿಕೆಯ ಮೇಲೆ ನಿಂತು ಸುಳ್ಳು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಹಾರ ಹಾಕಿಸಿಕೊಂಡು ಹೇಳುತ್ತಾರೆ, ಚಪ್ಪಾಳೆ ಗಿಟ್ಟಿಸಿಕೊಂಡು ಇಳಿಯುತ್ತಾರೆ, ಮನೆಗೆ ಹೋಗಿ ಸುಖವಾಗಿ ನಿದ್ದೆಯನ್ನೂ ಮಾಡುತ್ತಾರೆ. ನಾನು ಹೇಳಿದ್ದು ಒಂದೇ ಒಂದು ಸುಳ್ಳು. ಅದು ಹೇಳಿದಲ್ಲಿಗೆ ನಿಲ್ಲದೆ ಎದ್ದು ಓಡಾಡತೊಡಗಿತು. ನನ್ನ ಹಣೆಬರಹ, ಇನ್ನೇನು.

ಬಳ್ಳಾರಿಯ ಒಂದು ಸಂಶೋಧನಾ ಗ್ರಂಥಾಲಯದಲ್ಲಿ ನಾನು ಮೂವತ್ತು ವರ್ಷ ಕೆಲಸ ಮಾಡಿದೆ. ತಾಳೆಗರಿ, ಶಾಸನದ ಪಡಿಯಚ್ಚು, ಹಳೆಯ ಗೆಜೆಟಿಯರುಗಳ ನಡುವೆ ಪ್ರತಿ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಸಾರ್ವಜನಿಕ ಉಪನ್ಯಾಸ. ಸ್ವಾಗತ ಮಾಡಲು ಕಂಠ ಇದ್ದವರನ್ನು ಹುಡುಕುತ್ತಿದ್ದರು, ಪರಿಚಯ ಮಾಡಲು ಓದಿಕೊಂಡವರನ್ನು. ವಂದನಾರ್ಪಣೆ ಮಾತ್ರ ಕಾಯಂ ನನ್ನದು, ಏಕೆಂದರೆ ಸಭಾಂಗಣದ ಬೀಗದ ಕೈ ನನ್ನ ಹತ್ತಿರ ಇರುತ್ತಿತ್ತು. ವಂದನಾರ್ಪಣೆಗೆ ನಾನು ಎದ್ದರೆ ಸಭೆಯೂ ಎದ್ದುಬಿಡುತ್ತಿತ್ತು. ಹಿಂದಿನ ಕೋಣೆಯಿಂದ ಮಂಡಕ್ಕಿ ಒಗ್ಗರಣೆಯ, ಮಿರ್ಚಿಯ ವಾಸನೆ ಬರುವಾಗ ನನ್ನ ಮಾತು ಯಾರಿಗೆ ಬೇಕು? ಮೈಕಿನವನಿಂದ ಹಿಡಿದು ಬ್ರೂಸ್‌ಪೇಟೆಯ ಹೂವಿನ ಅಂಗಡಿಯವನವರೆಗೆ ಎಲ್ಲರಿಗೂ ನಾನು ವಂದಿಸುತ್ತಿದ್ದೆ. ನನಗೆ ವಂದಿಸಲು ನನ್ನ ನಂತರ ಯಾರೂ ಉಳಿಯುತ್ತಿರಲಿಲ್ಲ. “ಊರ ಮಂದಿಗೆಲ್ಲ ಕೈ ಮುಗೀತೀರಿ, ನಿಮಗ್ಯಾರು ಮುಗೀತಾರ್ರಿ?” ಎಂದು ಹೆಂಡತಿ ಕೇಳುತ್ತಿದ್ದಳು. ನಕ್ಕುಬಿಡುತ್ತಿದ್ದೆ, ಆದರೆ ಒಳಗೊಳಗೇ ಒಂದು ಆಸೆ ಇತ್ತು. ನಿವೃತ್ತಿಯ ದಿನವಾದರೂ ಆ ಮೈಕಿನಲ್ಲಿ ಯಾರಾದರೂ ನನ್ನ ಹೆಸರು ಹೇಳಬೇಕು. ಒಂದೇ ಒಂದು ಸಲ.

ಸುಳ್ಳು ಹೇಳಿದ್ದು ನಿವೃತ್ತಿಗೆ ಒಂದು ವರ್ಷ ಮುಂಚೆ. ಹೆಸರುಗಳ ಚೀಟಿಯನ್ನು ಫ್ಯಾನಿನ ಗಾಳಿ ಹಾರಿಸಿಕೊಂಡು ಹೋಯಿತು. ನೆನಪಿದ್ದವರಿಗೆಲ್ಲ ವಂದಿಸಿದರೂ ಪಟ್ಟಿ ಬಡಕಲಾಗಿ ಕಂಡಿತು. ನಾಲಿಗೆ ತನ್ನಷ್ಟಕ್ಕೆ ತಾನೇ, “ಅಮೂಲ್ಯ ಗ್ರಂಥಗಳನ್ನು ನೀಡಿದ ಸಿರುಗುಪ್ಪದ ಗಾದಿಲಿಂಗಪ್ಪ ಮೇಷ್ಟ್ರಿಗೆ ಅನಂತ ವಂದನೆಗಳು” ಎಂದುಬಿಟ್ಟಿತು. ಅಂಥ ಮೇಷ್ಟ್ರು ಯಾರೂ ಇರಲಿಲ್ಲ, ಗ್ರಂಥಗಳೂ ಬಂದಿರಲಿಲ್ಲ. ಸಭೆ ಮಾತ್ರ ಚಪ್ಪಾಳೆ ತಟ್ಟಿತು. ನಮ್ಮ ಅಧ್ಯಕ್ಷರಾದ ರುದ್ರಗೌಡರು, ನಿವೃತ್ತ ಪ್ರಾಂಶುಪಾಲರು, ಬಹಳ ಬಲ್ಲವರಂತೆ ತಲೆದೂಗಿದರು.

ಮುಂದಿನ ತಿಂಗಳು ಗ್ರಂಥಾಲಯದ ಟೈಪಿಸ್ಟು ಹಳೆಯ ಪಟ್ಟಿಯ ಜೊತೆಗೆ ಮೇಷ್ಟ್ರನ್ನೂ ಸೇರಿಸಿ ಟೈಪು ಮಾಡಿ ಕೊಟ್ಟ. ಓದಿದೆ. ಇಳಿದು ಬರುವಾಗ ರುದ್ರಗೌಡರು ಕೈ ಹಿಡಿದು ನಿಲ್ಲಿಸಿದರು. “ಯಾಕ್ರೀ, ಗಾದಿಲಿಂಗಪ್ಪ ಮೇಷ್ಟ್ರು ಬಂದಿಲ್ಲೇನು? ಮೊನ್ನಿ ಕುರುಗೋಡಾಗ ಒಂದು ಮದಿವ್ಯಾಗ ಸಿಕ್ಕಿದ್ರು. ಸ್ವಲ್ಪ ಇಳದಾರ.” ನನಗೆ ನಗು ಬಂತು. ದೊಡ್ಡವರು ಯಾರನ್ನೂ ಗೊತ್ತಿಲ್ಲ ಎನ್ನುವುದಿಲ್ಲ, ಅದೊಂದು ಕಾಯಿಲೆ ಎಂದುಕೊಂಡೆ. ಸತ್ಯ ಹೇಳಿದರೆ ಅವರ ಮುಖಭಂಗ, ಹೇಳದಿದ್ದರೆ ನನ್ನ ಹೊಟ್ಟೆನೋವು. ಹೊಟ್ಟೆನೋವನ್ನೇ ಆರಿಸಿಕೊಂಡೆ.

ನಗು ನಿಂತದ್ದು ಆಮಂತ್ರಣ ಪತ್ರಿಕೆಗಳಿಂದ. ಅಧ್ಯಕ್ಷರ ಅಪ್ಪಣೆಯಂತೆ “ಗಾದಿಲಿಂಗಪ್ಪ ಮೇಷ್ಟ್ರು, ಸಿರುಗುಪ್ಪ” ಎಂದಷ್ಟೇ ಬರೆದು ಅಂಚೆಗೆ ಹಾಕುತ್ತಿದ್ದೆ. ಇಲ್ಲೇ ಹತ್ತಿರದ ಮೋಕ ಊರಿಗೆ ಮನೆ ನಂಬರು ಸಮೇತ ಬರೆದವೇ ವಾಪಸು ಬರುತ್ತವೆ. ಇದು ಒಂದು ಸಲವೂ ವಾಪಸು ಬರಲಿಲ್ಲ. ಅಷ್ಟರಲ್ಲಿ, ಕಾರ್ಯಕ್ರಮಕ್ಕೆ ಬಂದವರಿಗೆಲ್ಲ ಚಹಾ ಕೊಡುವ ನಮ್ಮ ಹುಲಿಗೆಮ್ಮ ಒಂದು ಭಾನುವಾರ ಲೋಟ ತೊಳೆಯುತ್ತ ಗೊಣಗಿದಳು: “ಹಿಂದಿನ ಸಾಲಿನ್ಯಾಗ ಕುಂದರ್ತಾರಲ್ರಿ ಸರ, ಆ ದೊಡ್ಡೋರು ಚಾ ಮುಟ್ಟೋದ ಇಲ್ರಿ. ಪ್ರತಿ ಸಲ ಚೆಲ್ಲಾಕ ಆಗ್ತೈತಿ.”

“ಯಾರವ್ವಾ?”

“ನೀವ ಹೆಸರು ಹೇಳ್ತೀರಲ್ರಿ ಮೈಕಿನ್ಯಾಗ. ಸಿರುಗುಪ್ಪದೋರು.”

ಹಿಂದಿನ ಸಾಲಿಗೆ ಹೋದೆ. ಪಡಿಯಚ್ಚುಗಳ ಕಪಾಟಿನ ಪಕ್ಕ ಕೊನೆಯ ಕುರ್ಚಿ, ಅದರ ಕೆಳಗೆ ಕೆನೆಗಟ್ಟಿದ ತುಂಬಿದ ಲೋಟ. ಬಳ್ಳಾರಿಯ ಬೇಸಿಗೆ, ಮಧ್ಯಾಹ್ನ ಒಂದು ಗಂಟೆ. ಕಿಟಕಿಯ ಸರಳು ಮುಟ್ಟಿದರೆ ಕೈ ಸುಡುತ್ತದೆ. ಆ ಕಬ್ಬಿಣದ ಕುರ್ಚಿ ಮಾತ್ರ ಗಡಿಗೆಯ ನೀರಿನಂತೆ ತಣ್ಣಗಿತ್ತು. ನನಗೆ ಭಯವಾಯಿತು, ಮುಚ್ಚಿಡುವುದೇನು. ಅಂದಿನಿಂದ ವಂದನಾರ್ಪಣೆ ಮಾಡುವಾಗ ಹಿಂದಿನ ಸಾಲಿನ ಕಡೆ ನೋಡುವುದನ್ನೇ ಬಿಟ್ಟೆ.

ನನ್ನ ಕೊನೆಯ ಕಾರ್ಯಕ್ರಮ ಬಂತು. ಇವತ್ತು ಆ ಹೆಸರು ಓದುವುದಿಲ್ಲ, ನಾನು ಹುಟ್ಟಿಸಿದ್ದನ್ನು ನಾನೇ ಮುಗಿಸಿ ಹೋಗುತ್ತೇನೆ ಎಂದು ನಿಶ್ಚಯಿಸಿಕೊಂಡು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ. ಮೇಜಿನ ಮೇಲೆ ತಟ್ಟೆ, ತಟ್ಟೆಯಲ್ಲಿ ಶಾಲು. ನನಗೇ ಇರಬೇಕು ಎಂದುಕೊಂಡೆ. ಎಲ್ಲರಿಗೂ ವಂದಿಸಿದೆ, ಮೇಷ್ಟ್ರ ಹೆಸರು ಬಿಟ್ಟೆ, ಶಾಲಿಗಾಗಿ ಕಾದು ನಿಂತೆ.

“ಒಬ್ಬರನ್ನ ಬಿಟ್ರಿ!” ಎಂದು ರುದ್ರಗೌಡರು ಮೈಕು ಎಳೆದುಕೊಂಡರು. “ನಮ್ಮ ಗ್ರಂಥಾಲಯಕ್ಕ ಇಷ್ಟು ಮಾಡಿದ ಗಾದಿಲಿಂಗಪ್ಪ ಮೇಷ್ಟ್ರಿಗೆ ಇವತ್ತು ಸನ್ಮಾನ ಇಟ್ಕೊಂಡೀವಿ. ಬಂದಾರೇನ್ರಿ?” ಸಭೆ ಹಿಂದಕ್ಕೆ ತಿರುಗಿತು. ಯಾರೂ ಏಳಲಿಲ್ಲ. “ಇರಲಿ, ಅವರ ಪರವಾಗಿ ನೀವ ತಗೊಳ್ರಿ” ಎಂದು ಶಾಲನ್ನು ನನ್ನ ಹೆಗಲಿಗೆ ಹೊದಿಸಿದರು. ನನ್ನ ನಿವೃತ್ತಿಯ ಮಾತು ಯಾರ ಬಾಯಲ್ಲೂ ಬರಲಿಲ್ಲ. ಮಿರ್ಚಿ ಆರುತ್ತಿತ್ತು. ಬೀಗದ ಕೈಯನ್ನು ಟೈಪಿಸ್ಟನ ಕೈಗೆ ಕೊಟ್ಟು, ಆ ಶಾಲು ಹೊದ್ದೇ ಮನೆಗೆ ನಡೆದೆ. ತುಂಬ ನೋವಾಯಿತು. ಹೆಂಡತಿ ಶಾಲು ನೋಡಿ ಸಂತೋಷಪಟ್ಟಳು. ಅವಳಿಗೆ ನಾನು ನಿಜ ಹೇಳಲಿಲ್ಲ.

ಮುಂದಿನ ತಿಂಗಳು ಹೋಗಬಾರದು ಎಂದುಕೊಂಡವನು ಹೋದೆ. ಮೂವತ್ತು ವರ್ಷದ ಚಾಳಿ, ಭಾನುವಾರ ಬಂದರೆ ಕಾಲು ತಾನೇ ಎಳೆಯುತ್ತದೆ. ಮುಂದೆ ಕೂರಲು ನಾಚಿಕೆಯಾಗಿ ಹಿಂದಿನ ಸಾಲಿಗೆ ಹೋದರೆ ಖಾಲಿ ಇದ್ದದ್ದು ಕಪಾಟಿನ ಪಕ್ಕದ ಕುರ್ಚಿ ಒಂದೇ. ಕೂತೆ. ತಣ್ಣಗಿತ್ತು, ಹೊದ್ದು ಬಂದಿದ್ದ ಸನ್ಮಾನದ ಶಾಲನ್ನು ಬಿಗಿಯಾಗಿ ಸುತ್ತಿಕೊಂಡೆ. ಬೀಗದ ಕೈ ಈಗ ಟೈಪಿಸ್ಟನ ಹತ್ತಿರ, ಹಾಗಾಗಿ ವಂದನಾರ್ಪಣೆಯೂ ಅವನದೇ. ಪಟ್ಟಿ ಓದುತ್ತ ಓದುತ್ತ ಕೊನೆಗೆ ತಲೆಯೆತ್ತಿ ನೇರವಾಗಿ ನನ್ನ ಕಡೆಗೇ ನೋಡಿದ. “ಸಿರುಗುಪ್ಪದ ಗಾದಿಲಿಂಗಪ್ಪ ಮೇಷ್ಟ್ರಿಗೆ ಅನಂತ ವಂದನೆಗಳು” ಎಂದು ಕೈ ಮುಗಿದ. ಅವನ ಕಣ್ಣಲ್ಲಿ ತಮಾಷೆ ಇರಲಿಲ್ಲ. ಸಭೆಯೆಲ್ಲ ತಿರುಗಿ ನನ್ನನ್ನೇ ನೋಡಿತು. ರುದ್ರಗೌಡರು ವೇದಿಕೆಯಿಂದಲೇ ತಲೆಬಾಗಿದರು.

ನಾನಲ್ಲ ಎಂದು ಕೂಗಬೇಕಿತ್ತು. ಆದರೆ ಆ ವೇದಿಕೆಯಿಂದ ನನ್ನ ಕಡೆಗೆ ಬಂದ ಮೊದಲ ವಂದನೆ ಅದು. ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ಎದ್ದು ನಿಂತು ಕೈ ಮುಗಿದೆ.

ಕುಳಿತಾಗ ಹುಲಿಗೆಮ್ಮ ಲೋಟ ಹಿಡಿದು ನಿಂತಿದ್ದಳು. ಮೂವತ್ತು ವರ್ಷ ನನಗೆ ಚಹಾ ಕೊಟ್ಟವಳು. “ಇವತ್ತರ ಕುಡೀರಿ ಮೇಷ್ಟ್ರ” ಎಂದಳು.